ಕೊಚ್ಚಿಯನ್ನು ನೀರಿನ ಕಡೆಯಿಂದ ನೋಡಿ

ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿರೋ ನಮ್ಮವರು, ತಿರುವನಂತಪುರದ ಟೆಕ್ನೋಪಾರ್ಕ್‌ನಿಂದ ವೀಕೆಂಡ್‌ಗೆ ಬರೋರು, ಫೋರ್ಟ್ ಕೊಚ್ಚಿಗೆ ಹೋಗೇ ಹೋಗ್ತೀರಿ. ಚೀನಾ ಬಲೆ ಮುಂದೆ ಒಂದು ಫೋಟೋ, ಒಂದು ಕಾಫಿ, ವಾಪಸ್. ಈ ಸಲ ಕಾರು ಬಿಟ್ಟು ಹೈಕೋರ್ಟ್ ಜೆಟ್ಟಿಯಲ್ಲಿ ವಾಟರ್ ಮೆಟ್ರೋ ಹತ್ತಿ.

ಯಾಕೆ ಅಂದ್ರೆ, ಈ ಊರನ್ನ ಮಾಡಿದ್ದೇ ನೀರು. 1341ರಲ್ಲಿ ಪೆರಿಯಾರ್ ನದಿಗೆ ಮಹಾಪ್ರವಾಹ ಬಂತು, ಹಳೆಯ ಮುಜಿರಿಸ್ ಬಂದರು ಹೂಳು ತುಂಬಿ ಮುಚ್ಚಿತು, ಕೊಚ್ಚಿಯ ಅಳಿವೆ ತೆರೆಯಿತು ಅಂತ ಇಲ್ಲಿ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ನಮ್ಮ ಅಳಿವೆಗೆ ಮಲಯಾಳಿಗಳು ಅಳಿಮುಖಂ ಅಂತಾರೆ. ಮಂಗಳೂರಿನ ಬೆಂಗ್ರೆ ಕಡೆಯವರಿಗೆ ಈ ಚಿತ್ರ ಚೆನ್ನಾಗಿ ಗೊತ್ತು.

ಆ ಬಾಗಿಲಿಂದ ಮೆಣಸು ಹೊರಗೆ ಹೋಯ್ತು, ಒಬ್ಬರ ಹಿಂದೆ ಒಬ್ಬರು ಒಳಗೆ ಬಂದರು. 1503ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. 1663ರಲ್ಲಿ ಡಚ್ಚರು ಗೆದ್ದರು. 1795ರಲ್ಲಿ ಇಂಗ್ಲಿಷರು ಬಂದರು, 1806ರಲ್ಲಿ ಆ ಕೋಟೆಯನ್ನೇ ಒಡೆದು ಹಾಕಿದರು. ಅದಕ್ಕೇ ಫೋರ್ಟ್ ಕೊಚ್ಚಿಯಲ್ಲಿ ನೀವು ಎಷ್ಟು ಹುಡುಕಿದರೂ ಕೋಟೆ ಸಿಗಲ್ಲ!

ಈ ಪದರಗಳೆಲ್ಲ ಒಂದೇ ಕಡೆ ಕಾಣಬೇಕಾದರೆ ಸೇಂಟ್ ಫ್ರಾನ್ಸಿಸ್ ಚರ್ಚ್‌ಗೆ ಹೋಗಿ. ಕಟ್ಟಿಸಿದ್ದು ಪೋರ್ಚುಗೀಸ್ ಕ್ಯಾಥೊಲಿಕರು, ಆಮೇಲೆ ಅದು ಡಚ್ ಪ್ರಾಟೆಸ್ಟೆಂಟರದ್ದು, ಆಮೇಲೆ ಆಂಗ್ಲಿಕನ್ನರದ್ದು. 1524ರಲ್ಲಿ ಸತ್ತ ವಾಸ್ಕೋ ಡ ಗಾಮನನ್ನ ಮೊದಲು ಹೂತದ್ದು ಇಲ್ಲೇ. ಮಟ್ಟಾಂಚೇರಿಯ 'ಡಚ್ ಅರಮನೆ' ಕೂಡ ಹಾಗೇ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ರಾಜನಿಗೆ ಕಟ್ಟಿಸಿಕೊಟ್ಟದ್ದು, ಡಚ್ಚರು ರಿಪೇರಿ ಮಾಡಿದ್ದಕ್ಕೆ ಹೆಸರು ಅವರದ್ದಾಯ್ತು. ಒಳಗೆ ಹೋದರೆ ನಡುವೆ ಅಂಗಳ, ಅಂಗಳದಲ್ಲಿ ಭಗವತಿ ಗುಡಿ, ಗೋಡೆ ತುಂಬ ರಾಮಾಯಣ.

ಬಜಾರ್ ರೋಡ್‌ನ ಗೋದಾಮುಗಳಲ್ಲಿ ಒಂದು ವಿಷಯ ಗಮನಿಸಿ. ಅವಕ್ಕೆ ಎರಡು ಮುಖ. ಬೀದಿ ಕಡೆ ಅಂಗಡಿ, ಹಿಂದೆ ನೀರಿನ ಕಡೆ ದೋಣಿಯಿಂದ ಮೂಟೆ ಹತ್ತಿಸಿ ಇಳಿಸೋ ಬಾಗಿಲು. ನಾವು ಹಿತ್ತಲು ಅಂದುಕೊಳ್ಳೋದೇ ಆ ಕಾಲಕ್ಕೆ ಮುಂಬಾಗಿಲು. ಇಲ್ಲಿನ ಮಾಡುಗಳ ಮೇಲೆ ಮಂಗಳೂರು ಹೆಂಚೂ ಕಾಣುತ್ತೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಲ್ಲಿ ಶುರು ಮಾಡಿದ ಹೆಂಚು ಅದು. ಅಂದರೆ ಎಷ್ಟೋ ಕಡೆ ಗೋಡೆಗಿಂತ ಮಾಡು ಚಿಕ್ಕದು, ವಯಸ್ಸಲ್ಲಿ.

ದೋಣಿಯ ಎಡಕ್ಕೆ ಕಂಡ ವಿಲ್ಲಿಂಗ್ಡನ್ ದ್ವೀಪ ಇಂಗ್ಲಿಷರ ಕಾಲದ್ದು. ಅಳಿವೆ ಬಾಯಲ್ಲಿ ಮರಳ ದಿಬ್ಬ ಅಡ್ಡ ಇದ್ದು, ದೊಡ್ಡ ಹಡಗು ಒಳಗೆ ಬರೋ ಹಾಗಿರಲಿಲ್ಲ. 1920ರಲ್ಲಿ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ದಾರಿ ಬಿಡಿಸಿದರು. ತೆಗೆದ ಹೂಳನ್ನೇ ತುಂಬಿ ದ್ವೀಪ ಮಾಡಿದರು.

ಇದೆಲ್ಲ ಬರೀ ಹಳೇ ಕಥೆ ಅಲ್ಲ. 2018ರ ಆಗಸ್ಟ್‌ನಲ್ಲಿ ಅದೇ ಪೆರಿಯಾರ್ ಉಕ್ಕಿ ಕೊಚ್ಚಿ ವಿಮಾನ ನಿಲ್ದಾಣ ಸುಮಾರು ಎರಡು ವಾರ ಮುಚ್ಚಿತ್ತು. ಹಳಬರು ನೀರಿಗೆ ಮುಖ ಮಾಡಿ ಕಟ್ಟಿದರು, ನಾವು ನೀರಿಗೆ ಬೆನ್ನು ಹಾಕಿ ಕಟ್ತಿದ್ದೀವಿ. ಫ್ಲಾಟ್ ನೋಡೋಕೆ ಹೋದಾಗ ಬಾಡಿಗೆ, ಪಾರ್ಕಿಂಗ್ ಕೇಳ್ತೀವಿ. ಇನ್ನು ಮೇಲೆ ಇದನ್ನೂ ಕೇಳಿ: ಮೊದಲು ಇಲ್ಲಿ ಗದ್ದೆ ಇತ್ತಾ? ಮಳೆ ಬಂದರೆ ನೀರು ಯಾವ ಕಡೆ ಹೋಗುತ್ತೆ? ಪಕ್ಕದ ಟೀ ಅಂಗಡಿ ಚೇಟನಿಗೆ ಉತ್ತರ ಗೊತ್ತಿರುತ್ತೆ. ಕೇಳೋವಷ್ಟು ಮಲಯಾಳಂ ನಮಗೆ ಬಂದಿರಬೇಕು, ಅಷ್ಟೇ.