ಎತ್ತು ಕುಂಟಿದ್ದು ನೀರಿನಿಂದ

ಸಂತೆಯಲ್ಲಿ ಎತ್ತು ಕೊಳ್ಳುವ ರೈತ ತುಟಿ ಬಿಡಿಸಿ ಕೆಳದವಡೆಯ ಹಲ್ಲು ನೋಡುತ್ತಾನೆ, ವಯಸ್ಸು ತಿಳಿಯಲು. ಅಲ್ಲಿ ಕಂದು ಗೆರೆ, ಸುಣ್ಣದಂಥ ಮಚ್ಚೆ ಕಂಡರೆ ಅದು ಕರುವಾಗಿದ್ದಾಗ ಫ್ಲೋರೈಡ್ ನೀರು ಕುಡಿದಿರಬಹುದು. ಹಲ್ಲು ಬಲಿತ ಮೇಲೆ ಮೈಸೇರಿದ ಫ್ಲೋರೈಡ್ ಅಲ್ಲಿ ಕಾಣುವುದಿಲ್ಲ, ಮೂಳೆಯಲ್ಲಿ ಕೂರುತ್ತದೆ. ದವಡೆ, ಪಕ್ಕೆಲುಬು, ಕಾಲಿನ ಎಲುಬುಗಳ ಮೇಲೆ ಗಂಟುಗಳು ಏಳುತ್ತವೆ. ಮಲಗಿದ ಎತ್ತು ಏಳಲು ಒದ್ದಾಡುತ್ತದೆ.

ನಮ್ಮ ದೇಶದಲ್ಲಿ ಈ ಫ್ಲೋರೈಡ್ ರೋಗದ ಸುಳಿವು ಮೊದಲು ಸಿಕ್ಕಿದ್ದೇ ದನಗಳಿಂದ. ಅಂದಿನ ನೆಲ್ಲೂರು ಜಿಲ್ಲೆಯ ಪೊದಿಲಿ, ದರ್ಶಿ, ಕನಿಗಿರಿ ಸೀಮೆಯ ರೈತರು ಎತ್ತುಗಳ ಕಾಲು ಬಿಗಿದುಕೊಂಡದ್ದನ್ನು ಕಂಡಿದ್ದರು. ಮದ್ರಾಸ್ ಪ್ರಾಂತ್ಯದ ಜನರಲ್ಲೂ ಅದೇ ರೋಗವಿದೆಯೆಂದು ಸಂಶೋಧಕ ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ಬರೆದರು. ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು.

1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ತುಂಗಭದ್ರಾ ಅಣೆಕಟ್ಟಿನ ಕಾಲುವೆಗೆ ನೀರೂ ಹರಿಯಿತು. ಕಂಪ್ಲಿಯ ಕಡೆ ಭತ್ತದ ಗದ್ದೆ ಹರಡಿತು. ಅಣೆಕಟ್ಟು ಊಟ ಕೊಟ್ಟಿತು, ಅದನ್ನು ಮರೆಯಬಾರದು. ಆದರೆ ಎಳೆಯರ ಮೊಣಕಾಲು ಒಳಕ್ಕೆ ಬಾಗುವ ರೋಗವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಆಂಧ್ರದ ಫ್ಲೋರೈಡ್ ಸೀಮೆಯಿಂದ ವರದಿ ಮಾಡಿದ ಮೇಲೆ, ದೊಡ್ಡ ಅಣೆಕಟ್ಟುಗಳತ್ತ ಬೊಟ್ಟು ತಿರುಗಿತು. ಮುಂದೆ ಪರಿಸರ ವರದಿಗಳಲ್ಲಿ ಹೊಸಪೇಟೆಯ ಇದೇ ಅಣೆಕಟ್ಟಿನ ಹೆಸರೂ ಬಂತು.

ಪೋಷಣ ಸಂಸ್ಥೆಯವರು ಕೊಟ್ಟ ವಿವರಣೆ ಹೀಗಿತ್ತು: ಸೋರಿಕೆಯಿಂದ ಅಂತರ್ಜಲ ಮೇಲೇರಿ ಮಣ್ಣು ಸವುಳಾಗುತ್ತದೆ, ಅಂಥ ಮಣ್ಣಿನಲ್ಲಿ ಜೋಳ ಮಾಲಿಬ್ಡಿನಂ ಹೆಚ್ಚು ಹೀರುತ್ತದೆ, ಮಾಲಿಬ್ಡಿನಂ ಹೆಚ್ಚಾದರೆ ಮೈಯಿಂದ ತಾಮ್ರ ಹೊರಹೋಗುತ್ತದೆ. ತಾಮ್ರವಿಲ್ಲದೆ ಮೂಳೆಯ ಕೊಲಾಜನ್ ಎಳೆಗಳು ಬಿಗಿಯಾಗಿ ಹೆಣೆದುಕೊಳ್ಳವು. ತಪ್ಪು ಜೋಳದ್ದಲ್ಲ, ಅದರ ಬುಡದ ನೀರಿನದು. ದನಗಳಲ್ಲಂತೂ ಈ ತಾಮ್ರದ ಕೊರತೆ ಇನ್ನೂ ಬೇಗ ಕಾಡುತ್ತದೆ: ಅವುಗಳ ಹೊಟ್ಟೆಯಲ್ಲಿ ಮಾಲಿಬ್ಡಿನಂ ಗಂಧಕದೊಡನೆ ಕೂಡಿ ತಾಮ್ರವನ್ನು ಮೈಗೆ ಹತ್ತದಂತೆ ಕಟ್ಟಿಹಾಕುತ್ತದೆ. ಇಂಗ್ಲೆಂಡಿನ ಸಾಮರ್ಸೆಟ್ ಹುಲ್ಲುಗಾವಲಿನಲ್ಲಿ ದನಗಳು ಸೊರಗಿದ್ದಕ್ಕೆ ಮಾಲಿಬ್ಡಿನಂ ಕಾರಣವೆಂದು 1930ರ ದಶಕದಲ್ಲೇ ಗೊತ್ತಾಗಿತ್ತು.

ಮೇವಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಫ್ಲೋರೈಡಿನ ಪೆಟ್ಟು ಇನ್ನೂ ಜೋರಾಗುತ್ತದೆ. ಹಾಗೆಂದು ಕ್ಯಾಲ್ಸಿಯಂ ಮೈಗೆ ಹತ್ತಲೆಂದು ಕುಂಟುವ ಹಸುವಿಗೆ ಪದೇ ಪದೇ ವಿಟಮಿನ್ ಡಿ ಚುಚ್ಚಿಸುವುದು ಇನ್ನೊಂದು ಅಪಾಯ. ಅದು ಅತಿಯಾದರೆ ಕ್ಯಾಲ್ಸಿಯಂ ರಕ್ತನಾಳಗಳಲ್ಲಿ, ಮೂತ್ರಪಿಂಡದಲ್ಲಿ ಗಟ್ಟಿಕಟ್ಟುತ್ತದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯಿಲ್ಲದಿದ್ದರೆ 1.5 ಎಂಬ ನಿಯಮವಿದೆ. ಮನೆಯ ನಲ್ಲಿಗೆ ನದಿ ನೀರು ಬಂದರೂ ಕೊಟ್ಟಿಗೆಯ ತೊಟ್ಟಿಗೆ ಕೊಳವೆ ಬಾವಿಯದೇ ಆದರೆ, ಸಂಡೂರಿನಲ್ಲಾಗಲಿ ಹಂಪಿಯ ಸುತ್ತಲಾಗಲಿ ಆ ತೊಟ್ಟಿಯ ನೀರನ್ನೂ ಪರೀಕ್ಷೆಗೆ ಕಳಿಸಬೇಕು.