ಬಜ್ಪೆ ಗುಡ್ಡದ ಮೇಲಿನ ರನ್‌ವೇ

ಮಂಗಳೂರಿನ ಸುತ್ತ ವಿಮಾನ ಇಳಿಯುವಷ್ಟು ಸಮತಟ್ಟು ನೆಲ ಸಿಗುವುದು ಕಷ್ಟ. ಒಂದು ಕಡೆ ಕಡಲು, ಉಳಿದ ಕಡೆ ಗುಡ್ಡ ಕಣಿವೆ, ನಡುವೆ ಗದ್ದೆ ತೋಟ. ಹಾಗಾಗಿ ಬಜ್ಪೆಯ ಮುರಕಲ್ಲು ಗುಡ್ಡದ ನೆತ್ತಿಯೇ ವಿಮಾನ ನಿಲ್ದಾಣವಾಯಿತು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಇಲ್ಲಿ ಬಂದಿಳಿದರು.

ಆ ಹಳೆಯ ರನ್‌ವೇಯ ಉದ್ದ ಬರೀ 1,615 ಮೀಟರ್. 1981ರಲ್ಲಿ ಆವ್ರೊ ವಿಮಾನವೊಂದು ಅದನ್ನು ದಾಟಿ ಕಣಿವೆಯ ಅಂಚಿನವರೆಗೂ ಹೋಗಿ ನಿಂತಿತ್ತು.

ಕರಾವಳಿಯ ಮನೆಮನೆಗೂ ಗಲ್ಫ್ ನಂಟು. ಆದರೂ ದಶಕಗಳ ಕಾಲ ದುಬೈಗೆ ಹೊರಟವರು ಮೊದಲು ಮುಂಬೈ ಸೇರಬೇಕಿತ್ತು. 2006ರಲ್ಲಿ 2,450 ಮೀಟರ್ ಉದ್ದದ ಎರಡನೇ ರನ್‌ವೇ ಸಿದ್ಧವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ನೇರವಾಗಿ ದುಬೈಗೆ ಹಾರಿತು. ಹಗ್ಗ ಬಿಗಿದು, ಮೇಲೆ ಹೆಸರು, ಊರು ಬರೆದ ರಟ್ಟಿನ ಪೆಟ್ಟಿಗೆಗಳನ್ನು ತಳ್ಳಿಕೊಂಡು ಬರುವ ದುಡಿಮೆಗಾರರಿಗೆ ಈಗ ಮನೆ ಹತ್ತಿರವಾಗಿತ್ತು.

2010ರ ಮೇ 22ರ ಬೆಳಿಗ್ಗೆ ಆರರ ಸುಮಾರಿಗೆ ದುಬೈನಿಂದ ಬಂದ ಬೋಯಿಂಗ್ 737 ಇದೇ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಜನ. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದಿತ್ತು. ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಚಕ್ರ ನೆಲ ಮುಟ್ಟುವ ಹೊತ್ತಿಗೆ ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗ ಹಿಂದೆ ಸರಿದಿತ್ತು.

ತನಿಖೆ ಕ್ಯಾಪ್ಟನ್ ನಿರ್ಧಾರವನ್ನೇ ಮುಖ್ಯ ಕಾರಣವೆಂದಿತು. ಅದು ಸರಿಯೇ. ಆದರೆ ಬಯಲಿನ ನಿಲ್ದಾಣದಲ್ಲಿ ಇಂಥ ವಿಮಾನ ಮಣ್ಣಿನಲ್ಲಿ ಹೂತು ನಿಲ್ಲುವ ಸಾಧ್ಯತೆಯಾದರೂ ಇರುತ್ತದೆ. ಗುಡ್ಡದ ನೆತ್ತಿಯಲ್ಲಿ ಅದಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ ರನ್‌ವೇ ತುದಿಯ ಸುರಕ್ಷತಾ ಜಾಗ ಕನಿಷ್ಠ 90 ಮೀಟರ್, ಶಿಫಾರಸು 240 ಮೀಟರ್. ಬಜ್ಪೆಯಲ್ಲಿದ್ದುದು ಆ ಕನಿಷ್ಠವೇ. ಜಾಗ ಸಿಗದಿದ್ದರೆ, ವಿಮಾನದ ಭಾರಕ್ಕೆ ಪುಡಿಯಾಗಿ ಚಕ್ರಗಳನ್ನು ಹಿಡಿದು ನಿಲ್ಲಿಸುವ ವಿಶೇಷ ಕಾಂಕ್ರೀಟ್ ಹಾಸುವ ದಾರಿ ಉಂಟು. ದುಬಾರಿ, ನಿಜ. ಆದರೆ ಇಂಥ ಗುಡ್ಡದ ಮೇಲೆ ಮೊದಲ ಖರ್ಚು ಅದಕ್ಕೇ ಆಗಬೇಕು, ಟರ್ಮಿನಲ್‌ನ ಗಾಜಿನ ಗೋಡೆಗಲ್ಲ.

ಹತ್ತು ವರ್ಷದ ಬಳಿಕ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡಿನಲ್ಲೂ ಅದೇ ನಡೆಯಿತು: ಗುಡ್ಡದ ಮೇಲಿನ ರನ್‌ವೇ, ದುಬೈನಿಂದ ಬಂದ ವಿಮಾನ, ಈ ಸಲ ಜೊತೆಗೆ ಮಳೆ. ಅದೇ ವರ್ಷದ ಅಕ್ಟೋಬರ್ ಕೊನೆಗೆ ಮಂಗಳೂರು ನಿಲ್ದಾಣದ ನಿರ್ವಹಣೆ 50 ವರ್ಷದ ಗುತ್ತಿಗೆಯ ಮೇಲೆ ಅದಾನಿ ಸಮೂಹಕ್ಕೆ ಹೋಯಿತು. ತುದಿಯ ಆ ಸುರಕ್ಷತಾ ಜಾಗದ ಹೊಣೆಯೂ ಅದರ ಜೊತೆಗೇ ಬಂದಿದೆ.