ಚಾತಕದ ತಾರೀಖು ಬರೆದಿಟ್ಟವರು

ಚಾತಕ ಕೂಗಿದರೆ ಮಳೆ ದೂರವಿಲ್ಲ ಎಂಬ ಮಾತು ನಮ್ಮಲ್ಲಿ ತಲೆಮಾರುಗಳಿಂದ ಇದೆ. ಕಾಳಿದಾಸನ ಮೇಘದೂತದಲ್ಲೂ ಅದು ಮೋಡದ ಜೊತೆಗಾರ. ಮಳೆಹನಿಯನ್ನು ಬಿಟ್ಟು ಬೇರೆ ನೀರು ಮುಟ್ಟದ ಹಕ್ಕಿ ಎಂದು ಕವಿಗಳು ಹಾಡಿದರು, ರೈತರು ಅದರ ದಾರಿ ಕಾದರು. ಇಷ್ಟೆಲ್ಲ ಪ್ರೀತಿ ಗಳಿಸಿದ ಹಕ್ಕಿ ನಮ್ಮ ಊರಿಗೆ ಯಾವ ದಿನ ಬರುತ್ತದೆ, ಎಲ್ಲಿಂದ ಬರುತ್ತದೆ, ಎಲ್ಲ ಚಾತಕಗಳೂ ಹೊರಗಿನಿಂದಲೇ ಬರುತ್ತವೆಯೇ ಎಂಬುದನ್ನು ಮಾತ್ರ ಬಹಳ ಕಾಲ ಯಾರೂ ಒಂದು ಕಡೆ ಬರೆದಿಟ್ಟಿರಲಿಲ್ಲ. ಅದು ಬರವಣಿಗೆಗೆ ಬಂದ ಕತೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ಒಂದು ಸಂಶೋಧನಾ ಕೇಂದ್ರಕ್ಕೂ, ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಆಚೆಯ ಕುರುಚಲು ಬಯಲುಗಳಲ್ಲಿ ಬೈನಾಕ್ಯುಲರ್ ಹಿಡಿದು ಅಲೆದವರಿಗೂ ಆ ಪಾಲು ಸೇರುತ್ತದೆ.

ಹಕ್ಕಿಯನ್ನು ಗುರುತಿಸುವುದು ಸುಲಭ. ಮೇಲೆ ಕಪ್ಪು, ಕೆಳಗೆ ಬಿಳಿ, ತಲೆಯ ಮೇಲೆ ನೆಟ್ಟಗೆ ನಿಂತ ಜುಟ್ಟು, ಉದ್ದ ಬಾಲದ ತುದಿಯಲ್ಲಿ ಬಿಳಿ. ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಥಟ್ಟನೆ ಕಾಣುತ್ತದೆ. ಜಾಲಿಯ ತುದಿಗೋ ಬೇಲಿಗೋ ಕೂತು ‘ಪಿಯು ಪಿಯು’ ಎಂದು ಜೋರಾಗಿ ಕೂಗುತ್ತದೆ. ಕೋಗಿಲೆಯ ಕುಲದ್ದು, ಕೋಗಿಲೆಯ ಹಾಗೆ ಇದೂ ಸ್ವಂತ ಗೂಡು ಕಟ್ಟುವುದಿಲ್ಲ. ಕೋಗಿಲೆ ಕಾಗೆಯ ಗೂಡನ್ನು ನೆಚ್ಚಿದರೆ ಚಾತಕ ಹರಟೆಮಲ್ಲಗಳ ಗೂಡನ್ನು ನೆಚ್ಚುತ್ತದೆ. ಏಳೆಂಟು ಒಟ್ಟಿಗೆ ಸೇರಿ ಪೊದೆಯ ಬುಡದಲ್ಲಿ ಎಲೆ ಕೆದರುತ್ತ ಗಲಾಟೆ ಮಾಡುವ ಮಣ್ಣುಬಣ್ಣದ ಹಕ್ಕಿಗಳನ್ನು ನೀವು ನೋಡಿಯೇ ಇರುತ್ತೀರಿ. ಅವುಗಳ ಮೊಟ್ಟೆ ಹಸಿರು ಬೆರೆತ ನೀಲಿ, ಚಾತಕದ ಮೊಟ್ಟೆಯೂ ಅದೇ ಬಣ್ಣ.

ಮಳೆಗೂ ಚಾತಕಕ್ಕೂ ಇರುವ ನಂಟಿನ ಗುಟ್ಟು ಇಲ್ಲಿದೆ. ಮಳೆ ಬಿದ್ದರೆ ಚಿಗುರು, ಚಿಗುರಿದ್ದರೆ ಕಂಬಳಿಹುಳು. ಬೇರೆ ಹಕ್ಕಿಗಳು ಹಿಂಜರಿಯುವ ಈ ರೋಮದ ಹುಳುಗಳನ್ನು ಚಾತಕ ಸಲೀಸಾಗಿ ತಿನ್ನುತ್ತದೆ. ಮಳೆಗಾಲದಲ್ಲಿ ಹುಳು ಹೇರಳವಾದಾಗ ಹರಟೆಮಲ್ಲಗಳೂ ಗೂಡಿಗೆ ಇಳಿಯುತ್ತವೆ. ಊಟ ಮತ್ತು ಮರಿಗೆ ಸಾಕುಮನೆ ಎರಡೂ ಒಂದೇ ಹೊತ್ತಿಗೆ ಸಿಗುವ ಕಾಲ ಅದು. ಕವಿಗಳು ಕಂಡ ಬಾಯಾರಿಕೆಗಿಂತ ಈ ಲೆಕ್ಕಾಚಾರ ನನಗೆ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಚಾತಕ ಯಾವಾಗ, ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಹ್ಯೂ ವಿಸ್ಲರ್ ಮುಖ್ಯರು. ಪಂಜಾಬಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಈ ಇಂಗ್ಲಿಷರು ಭಾರತದ ಹಕ್ಕಿಗಳ ಬಗ್ಗೆ ಆ ಕಾಲದ ದೊಡ್ಡ ತಿಳಿವಳಿಕಸ್ಥರು. ಭಾರತದಲ್ಲಿ ಚಾತಕದ ವಲಸೆ ಹೇಗೆ ನಡೆಯುತ್ತದೆ ಎಂಬುದರ ಮೇಲೆ ಅವರು 1928ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದರು. ಉತ್ತರ ಮತ್ತು ಮಧ್ಯ ಭಾರತಕ್ಕೆ ಮುಂಗಾರಿನೊಂದಿಗೆ ಬಂದು, ಮಳೆ ಮುಗಿದ ಮೇಲೆ ಮಾಯವಾಗುವ ಚಾತಕಗಳು ಆಫ್ರಿಕದಿಂದ ಬರುತ್ತಿರಬೇಕು ಎಂಬ ಗುಮಾನಿ ಪಕ್ಷಿತಜ್ಞರಲ್ಲಿ ಬಲವಾಗಿತ್ತು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವುದು ಗಾತ್ರದಲ್ಲಿ ಕೊಂಚ ಚಿಕ್ಕದಾದ ಇನ್ನೊಂದು ಉಪಜಾತಿ, ಅದು ವರ್ಷವಿಡೀ ಇಲ್ಲೇ ಇರುವಂಥದ್ದು ಎಂಬುದೂ ಗೊತ್ತಿತ್ತು. ಆದರೆ ಗುಮಾನಿಯನ್ನು ಗಟ್ಟಿ ಮಾಡಲು ಊರೂರಿನ ತಾರೀಖು ಬೇಕಿತ್ತು. ಇಷ್ಟು ದೊಡ್ಡ ದೇಶದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಅಧಿಕಾರಿಗಳು ಬರೆದುಕೊಂಡ ಟಿಪ್ಪಣಿಗಳು ಎಷ್ಟು ದೂರ ಸಾಗಿಯಾವು?

ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಸಲೀಂ ಅಲಿ ಬಂದದ್ದು 1939-40ರಲ್ಲಿ. ಅದರ ವರದಿ ವಿಸ್ಲರ್ ಅವರ ಟಿಪ್ಪಣಿಗಳ ಸಮೇತ ಅದೇ ಪತ್ರಿಕೆಯಲ್ಲಿ ಕಂತುಗಳಾಗಿ ಅಚ್ಚಾಯಿತು. ನಮ್ಮ ಸೀಮೆಯಲ್ಲಿ ಯಾವ ಹಕ್ಕಿ ಎಲ್ಲಿದೆ ಎಂಬುದಕ್ಕೆ ಇಂದಿಗೂ ಅದು ಆಧಾರ. ಸಮೀಕ್ಷೆಯೆಂದರೆ ಬಂದು ನೋಡಿ ಹೋಗುವ ಕೆಲಸ. ಒಂದೇ ಜಾಗವನ್ನು ವರ್ಷದ ಹನ್ನೆರಡು ತಿಂಗಳೂ, ಹತ್ತಾರು ವರ್ಷ ನೋಡುವುದು ಅಲ್ಲೇ ವಾಸ ಇರುವವರಿಂದ ಮಾತ್ರ ಸಾಧ್ಯ.

ಬೆಂಗಳೂರಿನಲ್ಲಿ ಅಂಥವರು ಒಟ್ಟುಗೂಡಿದ್ದು 1972ರಲ್ಲಿ. ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಮರವಿಜ್ಞಾನಿ ಡಾ. ಜೋಸೆಫ್ ಜಾರ್ಜ್ ಅವರ ಮುಂದಾಳತ್ವದಲ್ಲಿ ‘ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಆಫ್ ಬ್ಯಾಂಗಲೂರ್’ ಶುರುವಾಯಿತು. ತಿಂಗಳಿಗೊಂದು ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವುದು, ಕೆರೆಗಳಿಗೆ ಹೋಗುವುದು, ಕಂಡದ್ದನ್ನು ಬರೆಯುವುದು. ಜಾಫರ್ ಫತೇಹಲ್ಲಿ ಅವರು ಮುಂಬೈಯಲ್ಲಿ ಆರಂಭಿಸಿದ ಹಕ್ಕಿ ವೀಕ್ಷಕರ ಸುದ್ದಿಪತ್ರಿಕೆಯೂ ಮುಂದೆ ಬೆಂಗಳೂರಿನಿಂದಲೇ ಹೊರಟಿತು. ಕ್ಲಬ್ಬಿನವರ ಟಿಪ್ಪಣಿ ಪುಸ್ತಕಗಳೆಲ್ಲ ಕೂಡಿ 1994ರಲ್ಲಿ ಬೆಂಗಳೂರಿನ ಹಕ್ಕಿಗಳ ವಿವರಣೆಸಹಿತ ಪಟ್ಟಿ ಹೊರಬಂತು. ಇದನ್ನು ತಯಾರಿಸಿದವರಲ್ಲಿ ಹೆಚ್ಚಿನವರು ಬೇರೆ ನೌಕರಿ ಮಾಡಿಕೊಂಡು, ರಜೆಯ ಬೆಳಗುಗಳನ್ನು ಹಕ್ಕಿಗೆ ಕೊಟ್ಟವರು. ವಿಜ್ಞಾನದ ಚರಿತ್ರೆ ಬರೆಯುವವರು ಈ ತಾಳ್ಮೆಗೆ ಕೊಡಬೇಕಾದ ಜಾಗ ಇನ್ನೂ ಕೊಟ್ಟಿಲ್ಲ ಎಂದೇ ನನ್ನ ಅನಿಸಿಕೆ.

ಒಂದು ಊರಿನ ಪುಸ್ತಕ ಹೀಗೆ ತುಂಬಿತು. ದೇಶದ ಪುಸ್ತಕ ತೆರೆದದ್ದು 2007ರ ಜುಲೈನಲ್ಲಿ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಪರಿಸರ ವಿಜ್ಞಾನಿ ಸುಹೇಲ್ ಕ್ವಾಡರ್ ಮತ್ತು ಗೆಳೆಯರು ‘ಇಂಡಿಯನ್ ಬರ್ಡ್ಸ್’ ಪತ್ರಿಕೆಯ ಜೊತೆಗೂಡಿ ‘ಮೈಗ್ರೆಂಟ್‌ವಾಚ್’ ಎಂಬ ಯೋಜನೆ ಆರಂಭಿಸಿದರು. ಕೇಳಿದ್ದು ಬಹಳ ಸರಳ: ನಿಮ್ಮ ಊರಿಗೆ ವಲಸೆ ಹಕ್ಕಿ ಈ ವರ್ಷ ಮೊದಲು ಬಂದದ್ದು ಯಾವತ್ತು, ಕೊನೆಯದಾಗಿ ಕಂಡದ್ದು ಯಾವತ್ತು, ಎಲ್ಲಿ? ಪದವಿ ಬೇಡ, ಪರಿಚಯಪತ್ರ ಬೇಡ. ಮೊದಮೊದಲು ಚಳಿಗಾಲದ ಅತಿಥಿಗಳಾದ ಕೆಲವೇ ಜಾತಿಗಳನ್ನು ಆರಿಸಿಕೊಂಡಿದ್ದರು. ಬೇಸಿಗೆಯ ಕೊನೆಗೆ ಬರುವ ಚಾತಕಕ್ಕಾಗಿಯೇ ಬಳಿಕ ಪ್ರತ್ಯೇಕ ಅಭಿಯಾನ ನಡೆಯಿತು.

ಚಾತಕಕ್ಕೆ ಬಂದ ಸ್ಪಂದನೆ ಬೇರೆಯೇ ತೆರನದು. ಉಳಿದ ಹಕ್ಕಿಗಳ ಬಗ್ಗೆ ಪಕ್ಷಿಪ್ರಿಯರಿಗೆ ಮಾತ್ರ ಆಸಕ್ತಿ, ಚಾತಕದ ಬಗ್ಗೆ ಎಲ್ಲರಿಗೂ ಆಸಕ್ತಿ. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ದೆಹಲಿ ಕಡೆಗಳಿಂದ ತಾರೀಖುಗಳು ಬರತೊಡಗಿದವು. ಅವನ್ನು ನಕಾಶೆಯ ಮೇಲೆ ಒಂದೊಂದಾಗಿ ಇಟ್ಟಾಗ ಹಕ್ಕಿಯ ಹೆಜ್ಜೆ ಕಾಣಿಸಿತು. ಮೇ ಕೊನೆ, ಜೂನ್ ಆರಂಭದ ಹೊತ್ತಿಗೆ ಮಧ್ಯ ಭಾರತದ ಕಡೆ ಮೊದಲ ಚಾತಕಗಳು, ಅಲ್ಲಿಂದ ಜೂನ್ ಸರಿದಂತೆ ಉತ್ತರಕ್ಕೆ. ಮುಂಗಾರಿನ ಗೆರೆಯನ್ನು ಅದರ ಪಕ್ಕದಲ್ಲಿ ಎಳೆದು ನೋಡಿದರೆ ಹಲವು ಕಡೆ ಹಕ್ಕಿ ಮಳೆಗಿಂತ ಕೊಂಚ ಮುಂದೆಯೇ ಇತ್ತು. ಹಳ್ಳಿಯ ಹಿರಿಯರ ಮಾತಿಗೆ ಸಾಕ್ಷಿ ಸಿಕ್ಕಿತು, ಅದೂ ಶಾಲಾ ಶಿಕ್ಷಕರು, ಎಂಜಿನಿಯರುಗಳು, ನಿವೃತ್ತರು ಬರೆದ ಸಾಲುಗಳಿಂದ. ಆಫ್ರಿಕದ ಕಡೆಯಿಂದ ಅರಬ್ಬೀ ಸಮುದ್ರ ದಾಟಿ ಬೀಸುವ ನೈರುತ್ಯ ಮಾರುತವೇ ಹಕ್ಕಿಯ ಬೆನ್ನಿಗೂ ಬಲ ಕೊಡುತ್ತಿರಬೇಕು ಎಂಬ ವಾದ ಇದರಿಂದ ಇನ್ನಷ್ಟು ಬಲವಾಯಿತು.

ಆದರೆ ಇದೇ ನಕಾಶೆ ಬೆಂಗಳೂರಿನ ಹತ್ತಿರ ಬಂದಾಗ ಗೋಜಲಾಗುತ್ತಿತ್ತು. ಇಲ್ಲಿ ‘ಮೊದಲು ಕಂಡ ದಿನ’ ಎಂಬುದಕ್ಕೇ ಅರ್ಥವಿಲ್ಲ, ಜನವರಿಯಲ್ಲೂ ಒಂದೊಂದು ಚಾತಕ ಕಾಣಬಹುದು. ಇನ್ನೊಂದು ತೊಡಕೂ ಇತ್ತು. ಹತ್ತು ಜನ ನೋಡುವ ಊರಿಗಿಂತ ನೂರು ಜನ ನೋಡುವ ಊರಲ್ಲಿ ಹಕ್ಕಿ ಬೇಗ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮೊದಲ ದಿನ ಹಿಂದೆ ಸರಿದರೆ ಹಕ್ಕಿ ಬೇಗ ಬಂತೋ, ನೋಡುವವರು ಹೆಚ್ಚಾದರೋ ಹೇಳಲಾಗದು.

ದಾರಿ ತೋರಿಸಿದ್ದು ಪೂರ್ಣ ಪಟ್ಟಿ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ‘ಇ-ಬರ್ಡ್’ ನಮ್ಮಲ್ಲೂ ಬೇರೂರಿತು, ಮೈಗ್ರೆಂಟ್‌ವಾಚ್‌ನ ದಾಖಲೆಗಳೂ ಅದರೊಳಗೆ ಸೇರಿದವು. ಇಲ್ಲಿನ ಕ್ರಮ ಹೀಗೆ: ಒಂದು ಕೆರೆಯ ಏರಿಯ ಮೇಲೆ ಹದಿನೈದು ನಿಮಿಷವೋ ಒಂದು ಗಂಟೆಯೋ ನಿಂತು, ಕಂಡ, ಕೇಳಿದ, ಗುರುತು ಹತ್ತಿದ ಎಲ್ಲ ಹಕ್ಕಿಗಳನ್ನೂ ಬರೆಯಬೇಕು, ಕಾಗೆ, ಪಾರಿವಾಳ, ಹದ್ದು ಸಮೇತ. ಹಾಗೆ ಬರೆದ ಪಟ್ಟಿಯಲ್ಲಿ ಚಾತಕದ ಹೆಸರಿಲ್ಲದಿದ್ದರೆ ‘ಆ ಹೊತ್ತು ಅಲ್ಲಿ ಅದು ಸಿಗಲಿಲ್ಲ’ ಎಂಬ ಮಾಹಿತಿಯೂ ದೊರೆತಂತೆ. ಒಂದು ವಾರದಲ್ಲಿ ಬಂದ ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಚಾತಕವಿದೆ ಎಂದು ಎಣಿಸಿದರೆ, ನೋಡುವವರು ಹೆಚ್ಚಿರಲಿ ಕಡಿಮೆಯಿರಲಿ, ಹೋಲಿಕೆ ನ್ಯಾಯವಾಗಿರುತ್ತದೆ. ಈ ಕತೆಯಲ್ಲಿ ನಿಜವಾದ ಆವಿಷ್ಕಾರ ಇದೇ ಎಂದು ನಾನು ತಿಳಿದಿದ್ದೇನೆ. ಕಾಣದಿರುವುದನ್ನೂ ದಾಖಲಿಸಬಹುದು ಎಂದು ಹೊಳೆದದ್ದು ಸಣ್ಣ ಮಾತಲ್ಲ.

ಈ ಬಗೆಯ ಪಟ್ಟಿಗಳು ಬೆಂಗಳೂರಿನಿಂದ ಸಾವಿರಾರು ಬಂದಿವೆ. ಅವು ಹೇಳುವ ಚಿತ್ರ ಇದು: ಚಳಿಗಾಲದಲ್ಲಿ ಚಾತಕ ವಿರಳ, ಬೇಸಿಗೆಯ ಕೊನೆಗೆ ಮಳೆ ಹನಿಯತೊಡಗಿದಾಗ ಹೆಚ್ಚುತ್ತದೆ, ಮಳೆಗಾಲ ಪೂರ್ತಿ ಇದ್ದು ಹಿಂಗಾರಿನ ಕೊನೆಗೆ ಮತ್ತೆ ಕಡಿಮೆಯಾಗುತ್ತದೆ. ನಮ್ಮ ಮಳೆಯ ಲಯಕ್ಕೆ ಇದು ಹೊಂದುತ್ತದೆ. ಕರಾವಳಿಯಲ್ಲಿ ಜೂನ್-ಜುಲೈನಲ್ಲಿ ಮಳೆ ಸುರಿದರೆ ಬೆಂಗಳೂರಿಗೆ ಏಪ್ರಿಲ್-ಮೇ ತಿಂಗಳಲ್ಲೇ ಗುಡುಗಿನ ಮಳೆ ಬೀಳುತ್ತದೆ, ವರ್ಷದಲ್ಲೇ ಅತಿ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ. ಇಲ್ಲಿನ ಹಕ್ಕಿಗೆ ಹುಳುವೂ ಗೂಡೂ ಸಿಗುವ ಕಾಲ ಅಷ್ಟು ಉದ್ದ.

ಎಲ್ಲಿ ಕಾಣುತ್ತದೆ ಎಂಬುದು ಇನ್ನೂ ಕುತೂಹಲದ ವಿಷಯ. ಪೀಣ್ಯದಿಂದ ಆಚೆ ಹೆಸರಘಟ್ಟದ ಹುಲ್ಲುಗಾವಲು ಮತ್ತು ಕೆರೆಯಂಗಳ, ವೈಟ್‌ಫೀಲ್ಡ್ ದಾಟಿದರೆ ದಕ್ಷಿಣ ಪಿನಾಕಿನಿಯ ಹೊಸಕೋಟೆ ಕೆರೆ, ಎಲೆಕ್ಟ್ರಾನಿಕ್ ಸಿಟಿಯಿಂದ ಬನ್ನೇರುಘಟ್ಟದ ಕಡೆಗೆ ಮತ್ತು ಆನೇಕಲ್ ಕಡೆಗೆ ಇರುವ ಕುರುಚಲು, ಗೋಮಾಳ, ಹೊಲದ ಬದುಗಳು. ದಟ್ಟ ಕಾಡು ಚಾತಕಕ್ಕೆ ಬೇಡ, ನಡು ಊರೂ ಹಿಡಿಸದು. ಜಾಲಿ, ಕಾರೆ, ಲಂಟಾನದ ಪೊದೆಗಳಿರುವ ಬಯಲೇ ಅದರ ಮನೆ, ಹರಟೆಮಲ್ಲಗಳ ಮನೆಯೂ ಅದೇ. ನಗರ ಬೆಳೆಯುತ್ತಿರುವುದು ಸರಿಯಾಗಿ ಈ ಬಯಲುಗಳ ಮೇಲೆ. 1970ರ ದಶಕದ ಕೊನೆಗೆ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ 332 ಎಕರೆಯ ಎಲೆಕ್ಟ್ರಾನಿಕ್ ಸಿಟಿ ಎದ್ದಾಗ ಸುತ್ತ ಇದ್ದದ್ದು ಇಂಥದೇ ಭೂಮಿ. ಕಂದಾಯ ದಾಖಲೆಯಲ್ಲಿ ‘ಪಾಳು’ ಎಂದು ಬರೆದ ನೆಲವನ್ನು ಹಕ್ಕಿಯ ದಾಖಲೆ ತುಂಬಿದ ಮನೆಯೆಂದು ತೋರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ಅಧಿಕಾರಿಗಳು ನಮಗೆ ಬೇಕು.

ಉಪಗ್ರಹದ ಕಾಲವೂ ಬಂದಿದೆ. 2020ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ಇಸ್ರೊಗೆ ಸೇರಿದ ಭಾರತೀಯ ದೂರಸಂವೇದಿ ಸಂಸ್ಥೆ ಉತ್ತರದ ಎರಡು ಚಾತಕಗಳಿಗೆ ಉಪಗ್ರಹ ಸಾಧನ ತೊಡಿಸಿ ಬೆನ್ನುಹತ್ತಿದವು. ಅದು ಬೇಕಾದ ಕೆಲಸವೇ. ಆದರೂ ಒಂದೆರಡು ಹಕ್ಕಿಗಳ ದಾರಿ ಗೊತ್ತಾದರೆ ಜಾತಿಯ ಕತೆ ಮುಗಿಯುವುದಿಲ್ಲ. ದೇಶದ 942 ಜಾತಿಗಳ ಸ್ಥಿತಿಗತಿಯನ್ನು ತೂಗಿ ನೋಡಿದ 2023ರ ‘ಭಾರತದ ಹಕ್ಕಿಗಳ ಸ್ಥಿತಿ’ ವರದಿ ನಿಂತದ್ದು ಸುಮಾರು 30,000 ವೀಕ್ಷಕರು ಬರೆದ 3 ಕೋಟಿ ದಾಖಲೆಗಳ ಮೇಲೆ. ಇದರ ಹಿಂದಿನ 2020ರ ವರದಿಯೇ ಗುಬ್ಬಚ್ಚಿ ಒಟ್ಟು ದೇಶದಲ್ಲಿ ಸ್ಥಿರವಾಗಿದೆ, ಬೆಂಗಳೂರಿನಂಥ ಮಹಾನಗರಗಳಲ್ಲಿ ಕುಸಿದಿದೆ ಎಂದು ತೋರಿಸಿತ್ತು. ಅದಕ್ಕೆ ಮೊಬೈಲ್ ಟವರೇ ಕಾರಣವೆಂದು ಎಲ್ಲರೂ ಹೇಳುತ್ತಿದ್ದ ಮಾತಿಗೆ ಆಧಾರ ಸಿಕ್ಕಿಲ್ಲ ಎಂದೂ ಅದು ಸ್ಪಷ್ಟವಾಗಿ ಹೇಳಿತು.

ದಕ್ಷಿಣದ ಚಾತಕದ ಪ್ರಶ್ನೆ ಇನ್ನೂ ಅರ್ಧ ತೆರೆದೇ ಇದೆ. ಮೇ ತಿಂಗಳಲ್ಲಿ ಹೊಸಕೋಟೆಯ ಏರಿಯ ಮೇಲೆ ಕೂಗುವ ಹಕ್ಕಿ ಇಲ್ಲಿಯದೇ ಚಿಕ್ಕ ಉಪಜಾತಿಯೋ, ಸಮುದ್ರ ದಾಟಿ ಉತ್ತರಕ್ಕೆ ಹೊರಟು ದಾರಿಯಲ್ಲಿ ಇಳಿದದ್ದೋ ದೂರದಿಂದ ನೋಡಿ ಹೇಳಲಾಗದು, ಎರಡರ ಬಣ್ಣವೂ ಒಂದೇ. ಇಲ್ಲಿನವು ಚಳಿಗಾಲದಲ್ಲಿ ಎಲ್ಲಿ ಸರಿಯುತ್ತವೆ ಎಂಬುದಕ್ಕೂ ಸುತ್ತಲಿನ ಜಿಲ್ಲೆಗಳ ಪಟ್ಟಿಗಳು ಬೇಕು. ಬೆಂಗಳೂರಿನಲ್ಲಿ ಪಟ್ಟಿಗಳ ಕೊರತೆ ಇರುವುದು ಬೇಸಿಗೆಯಲ್ಲೇ. ನವೆಂಬರ್‌ನಿಂದ ಫೆಬ್ರವರಿವರೆಗೆ ಬಾತುಗಳು, ಸೆಳೆವಗಳು ಬಂದಿರುವಾಗ ಕೆರೆಗಳ ಮೇಲೆ ಕ್ಯಾಮೆರಾ ಹಿಡಿದವರ ಸಾಲೇ ಇರುತ್ತದೆ. ಏಪ್ರಿಲ್ ಬಂತೆಂದರೆ ಪಟ್ಟಿಗಳು ಇಳಿದುಹೋಗುತ್ತವೆ. ಮೇ ಎರಡನೆಯ ಶನಿವಾರ ಜಗತ್ತಿನಾದ್ಯಂತ ನಡೆಯುವ ಹಕ್ಕಿ ಎಣಿಕೆಯ ದಿನ ಒಂದಿಷ್ಟು ಏರಿ, ಮರುದಿನ ಮತ್ತೆ ಇಳಿಯುತ್ತವೆ.

ನೆಲದ ಬಗ್ಗೆ ಒಂದು ಒಳ್ಳೆಯ ಸುದ್ದಿ ಇದೆ. ವರ್ಷಗಟ್ಟಲೆ ಎಳೆದಾಡಿದ ಮೇಲೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೆಸರಘಟ್ಟದ 5,678 ಎಕರೆಯನ್ನು ಹುಲ್ಲುಗಾವಲು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ಒಪ್ಪಿತು. ಅಲ್ಲಿ ಏನಿದೆ ಎಂದು ಕೇಳಿದಾಗ ತೋರಿಸಲು ಹಕ್ಕಿ ವೀಕ್ಷಕರ ವರ್ಷಾನುವರ್ಷದ ದಾಖಲೆ ಇತ್ತು. ವೈಟ್‌ಫೀಲ್ಡ್ ಮತ್ತು ಆನೇಕಲ್ ಕಡೆಯ ಎಷ್ಟೋ ಬಯಲುಗಳಿಗೆ ಅಂಥ ದಾಖಲೆಯೇ ಇಲ್ಲ.

ಆದ್ದರಿಂದ ಆ ಭಾಗಗಳಲ್ಲಿ ವಾಸಿಸುವ, ಕೆಲಸ ಮಾಡುವ ಓದುಗರಲ್ಲಿ ನನ್ನದೊಂದು ಕೋರಿಕೆ. ಬರುವ ಏಪ್ರಿಲ್, ಮೇ, ಜೂನ್‌ನಲ್ಲಿ ನಿಮ್ಮ ಲೇಔಟಿನ ಪಕ್ಕದ ಖಾಲಿ ಸೈಟು, ಕಂಪನಿಯ ಹಿಂದಿನ ಪೊದೆ, ಹತ್ತಿರದ ಕೆರೆಯ ಏರಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಹದಿನೈದು ನಿಮಿಷ ಅಲ್ಲಿ ನಿಂತು ಕಂಡ ಹಕ್ಕಿಗಳನ್ನೆಲ್ಲ ತಾರೀಖು, ಹೊತ್ತು, ಜಾಗದ ಸಮೇತ ಬರೆಯಿರಿ. ಚಾತಕ ಕಾಣದಿದ್ದರೂ ಪಟ್ಟಿಯನ್ನು ಇ-ಬರ್ಡ್‌ಗೆ ಕಳಿಸಿ.